ಜ್ವರವಿಲ್ಲದ ಮೈ

ಆ ಮನೆಯಲ್ಲಿ ಬೆಳಗಿನ ಚಹಾಕ್ಕಿಂತ ಮೊದಲು ಥರ್ಮಾಮೀಟರ್ ಬರುತ್ತಿತ್ತು.

"ಏನಮ್ಮ, ನಂದು ಹೇಗಿದೆ?" ಎಂದು ಕೇಳುತ್ತಲೇ ಅತ್ತೆ ಅದನ್ನು ಸೊಸೆಯ ನಾಲಿಗೆಯ ಕೆಳಗೆ ತುರುಕುತ್ತಿದ್ದರು. ಬಾಯಲ್ಲಿ ಕಡ್ಡಿ ಇಟ್ಟುಕೊಂಡವಳು ಏನು ಹೇಳಿಯಾಳು? ಕಡ್ಡಿ ಹೊರಬಂದ ಮೇಲೆ, "ಚೆನ್ನಾಗಿದೆ ಅತ್ತೆ, ಕೆಲಸ ಮಾಡ್ತಿದೆ" ಅನ್ನುತ್ತಿದ್ದಳು. ಅತ್ತೆ ಕನ್ನಡಕ ಏರಿಸಿ ಪಾದರಸದ ಗೆರೆ ನೋಡಿ, ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲ್ಲಿನಿಂದ ತೊಂಬತ್ತೆಂಟು ಎಂದು ಬರೆಯುತ್ತಿದ್ದರು. ಹೀಗೆ ತುಂಬಿದ ಆರು ವರ್ಷದ ಕ್ಯಾಲೆಂಡರುಗಳು ಕಪಾಟಿನ ಮೇಲೆ ಒಂದರ ಮೇಲೊಂದು ಕೂತಿದ್ದವು.

"ನಂದು" ಅಂದರೆ ಅತ್ತೆಯ ಎಡಗಡೆಯ ಕಿಡ್ನಿ. ಆರು ವರ್ಷದ ಹಿಂದೆ ಸೊಸೆಯ ಎರಡೂ ಕಿಡ್ನಿಗಳು ಕೈಕೊಟ್ಟಾಗ ಗಂಡನ ರಕ್ತ ಹೊಂದಲಿಲ್ಲ. ತವರಿನವರು ಒಬ್ಬೊಬ್ಬರು ಒಂದೊಂದು ನೆಪ ಹೇಳಿ ಜಾರಿಕೊಂಡರು. ಆಗ ಅತ್ತೆ, "ನನ್ನದನ್ನೂ ನೋಡಿಬಿಡಿ, ಹೋಗೋದೇನು" ಎಂದು ತೋಳು ಚಾಚಿದರು. ಹೊಂದಿತು. ಮದುವೆಯಾದಾಗಿನಿಂದ ಅತ್ತೆ ಸೊಸೆಯರ ಮಧ್ಯೆ ಹೊಂದಿದ್ದು ಅದೊಂದೇ ಎಂದು ಮಗ ತಮಾಷೆ ಮಾಡುತ್ತಿದ್ದ. ಈಗ ಆ ಕಿಡ್ನಿ ಸೊಸೆಯ ಹೊಟ್ಟೆಯ ಕೆಳಗೆ ಬಲಗಡೆ, ಚರ್ಮದ ಹತ್ತಿರವೇ ಇತ್ತು. ಮೆಲ್ಲಗೆ ಕೈಯಿಟ್ಟರೆ ಗೊತ್ತಾಗುತ್ತಿತ್ತು.

ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಹತ್ತಾರು ಮಾತು ಹೇಳಿದ್ದರು. ಅತ್ತೆ ಅದರಲ್ಲಿ ಎರಡನ್ನು ಗಟ್ಟಿಯಾಗಿ ಹಿಡಿದುಕೊಂಡರು. "ಜ್ವರ ಬಂದರೆ ತಕ್ಷಣ ಬನ್ನಿ" ಎಂಬುದು ಒಂದು. ಇದನ್ನು ಅವರು ಅಂಗಿ ಮಗುಚಿದ ಹಾಗೆ ಮಗುಚಿ, ಜ್ವರ ಬರದಿದ್ದರೆ ಹೋಗಬೇಕಿಲ್ಲ ಎಂದು ಮಾಡಿಕೊಂಡರು. ಎರಡೂ ಒಂದೇ ಅಲ್ಲ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. "ಕೇಳದೆ ನೋವಿನ ಮಾತ್ರೆ ತಗೋಬೇಡಿ, ಕೆಲವು ಕಿಡ್ನಿಗೆ ಆಗೋಲ್ಲ" ಎಂಬುದು ಇನ್ನೊಂದು. ಇದರಲ್ಲಿ "ಕೇಳದೆ" ಮತ್ತು "ಕೆಲವು" ಎರಡೂ ಬಿಟ್ಟುಹೋದವು. ಮನೆಯಲ್ಲಿದ್ದ ನೋವಿನ ಮಾತ್ರೆಗಳೆಲ್ಲ ಅವತ್ತೇ ಕಸದ ಬುಟ್ಟಿ ಸೇರಿದವು. ಸೊಸೆ ತಲೆನೋವು ಅಂದರೆ ಸಾಕು, ಅತ್ತೆಯ ಮುಖ ಬಿಳಿಚಿಕೊಳ್ಳುತ್ತಿತ್ತು. ಅದನ್ನು ನೋಡಲಾರದೆ ಅವಳು ಮನೆಯಲ್ಲಿ ನೋವು ಎಂಬ ಮಾತನ್ನೇ ಬಿಟ್ಟಳು.

ಸೊಸೆ ದರ್ಜಿ. ಎರಡು ಬೀದಿ ಆಚೆ, ಒಂದು ಕಟ್ಟಡದ ಮೆಟ್ಟಿಲುಗಳ ಕೆಳಗೆ ಅವಳ ಅಂಗಡಿ. ಗಂಡ ಲಿಫ್ಟ್ ರಿಪೇರಿ ಮಾಡುವವನು. ಅತ್ತೆ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತು ವರ್ಷ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕಿ ನಿವೃತ್ತರಾದವರು. ಮನೆಯ ಹಾಸು ಹೊದಿಕೆಗಳನ್ನು ಈಗಲೂ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಮೊಮ್ಮಗಳು ಕಾಲೇಜಿನ ಮೊದಲ ವರ್ಷದಲ್ಲಿದ್ದಳು. ಅವಳಿಗೆ ಯಾರ ಹೆದರಿಕೆಯೂ ಇರಲಿಲ್ಲ.

ಆ ವರ್ಷ ಸ್ಕ್ಯಾನಿಂಗಿನಲ್ಲಿ ಸೊಸೆಯ ಪಿತ್ತಕೋಶದಲ್ಲಿ ಕಲ್ಲು ಕಂಡಿತು. ಶಸ್ತ್ರಚಿಕಿತ್ಸೆಯ ಡಾಕ್ಟರ ಮುಂದೆ ಸೊಸೆ, ಗಂಡ, ಅತ್ತೆ ಮೂವರೂ ಕೂತರು.

"ಎರಡು ಸಲ ಹೊಟ್ಟೆನೋವು ಬಂದಿದೆ ಅಂತೀರಿ. ಪಿತ್ತಕೋಶ ತೆಗೆಸಿಬಿಡೋದು ಒಳ್ಳೇದು" ಅಂದರು ಡಾಕ್ಟರು. "ಆದ್ರೆ ಕಿಡ್ನಿ ಹಾಕಿಸಿಕೊಂಡವರಿಗೆ ಹೊಟ್ಟೆ ಆಪರೇಷನ್ ಅಂದ್ರೆ ಎಲ್ಲರ ಹಾಗಲ್ಲ. ದೇಹ ಆ ಕಿಡ್ನೀನ ಹೊರಗೆ ತಳ್ಳದೇ ಇರ್ಲಿ ಅಂತ ನೀವು ಮಾತ್ರೆ ತಗೊಳ್ತೀರಲ್ಲ, ಅದರಿಂದ ಗಾಯ ನಿಧಾನಕ್ಕೆ ಮಾಗುತ್ತೆ, ಸೋಂಕು ಬೇಗ ತಗಲುತ್ತೆ. ಬಿ.ಪಿ. ಇಳಿದ್ರೆ ಕಿಡ್ನಿಗೆ ಪೆಟ್ಟು ಬೀಳಬಹುದು."

"ಕಿಡ್ನಿಗೆ ಪೆಟ್ಟು" ಎಂಬುದು ಕಿವಿಗೆ ಬಿದ್ದದ್ದೇ, ಅತ್ತೆ ಕೈಚೀಲ ಹೆಗಲಿಗೇರಿಸಿ ಎದ್ದು ನಿಂತರು. ಡಾಕ್ಟರು ಇನ್ನೂ ಹೇಳುತ್ತಿದ್ದರು. "ಹಾಗಂತ ಬಿಡೋದು ಇನ್ನೂ ಕಷ್ಟ. ಒಳಗೆ ಕೀವಾದ್ರೂ ನಿಮಗೆ ಜ್ವರ ಬರದೇ ಇರಬಹುದು, ನೋವೂ ಅಷ್ಟಾಗಿ ಗೊತ್ತಾಗದೇ ಇರಬಹುದು. ಆ ಮಾತ್ರೆಗಳೇ ಎಲ್ಲಾನೂ ಮುಚ್ಚಿಡ್ತವೆ. ಮೈ ಗಟ್ಟಿಯಾಗಿರುವಾಗ್ಲೇ ದಿನ ಗೊತ್ತು ಮಾಡಿ ಮುಗಿಸೋದು ವಾಸಿ."

ಈ ಎರಡನೆಯ ಅರ್ಧವನ್ನು ಗಂಡ ಕೇಳಿದ. ಸೊಸೆಗೆ ಅತ್ತೆಯ ಚೀಲದ ಜಿಪ್ ಎಳೆದ ಸದ್ದು ಮಾತ್ರ ಕೇಳಿತು.

ಅವತ್ತು ಸಂಜೆ ಊಟಕ್ಕೆ ಕೂತಾಗ ಜಗಳ ಶುರುವಾಯಿತು. ಅತ್ತೆ ಎಣ್ಣೆಯ ಡಬ್ಬಿಯನ್ನೇ ಮೇಲಿನ ಕಪಾಟಿಗೇರಿಸಿ, ಅನ್ನ, ಬೇಯಿಸಿದ ತರಕಾರಿ, ನೀರಾದ ಬೇಳೆ ಮಾಡಿದ್ದರು.

"ಎಣ್ಣೆ ಬಿಟ್ರೆ ಕಲ್ಲು ತಂತಾನೇ ಸುಮ್ನಿರುತ್ತೆ" ಅಂದರು.

"ಅಮ್ಮ, ಡಾಕ್ಟ್ರು ಹೇಳಿದ್ದು ಅದಲ್ಲ" ಅಂದ ಮಗ. "ಲಿಫ್ಟನ್ನ ಒಂದು ದಿನ ಗೊತ್ತು ಮಾಡಿ, ಬೋರ್ಡ್ ಹಾಕಿ, ನಿಲ್ಲಿಸಿ ರಿಪೇರಿ ಮಾಡೋದು ಬೇರೆ. ಮಧ್ಯದಲ್ಲಿ ಜನ ಸಿಕ್ಕಿಹಾಕ್ಕೊಂಡ ಮೇಲೆ ಓಡಿಹೋಗಿ ಮಾಡೋದು ಬೇರೆ."

"ನನ್ನ ಸೊಸೆ ಲಿಫ್ಟ್ ಅಲ್ಲ ಕಣೋ."

"ನಾನು ಹೇಳಿದ್ದು..."

"ನೀನು ಹೇಳೋದು ಗೊತ್ತು. ಆಪರೇಷನ್ ವಾರ್ಡಿನ ಹಾಸುಗಳಿಗೆ ಮೂವತ್ತು ವರ್ಷ ಇಸ್ತ್ರಿ ಹಾಕಿದ್ದೀನಿ. ಸಣ್ಣ ಆಪರೇಷನ್ ಅಂತ ಒಳಗೆ ಹೋದವರ ಹಾಸು ಹೇಗೆ ಬರ್ತಿತ್ತು ಅಂತ ನಂಗೆ ಗೊತ್ತು. ನಿಂಗೆ ಗೊತ್ತಿಲ್ಲ." ಅದು ಹಟ ಮಾತ್ರವಲ್ಲ, ನಿಜವಾದ ಹೆದರಿಕೆ. ಆದರೆ ಹೆದರಿಕೆಯನ್ನು ಹೆದರಿಕೆ ಎಂದು ಒಪ್ಪಿಕೊಳ್ಳುವ ಹೆಂಗಸಲ್ಲ ಅವರು.

ಮೊಮ್ಮಗಳು ತಟ್ಟೆಯಿಂದ ತಲೆಯೆತ್ತಿದಳು. "ಅಜ್ಜಿ, ಹೊಟ್ಟೆ ಅಮ್ಮಂದು. ಅಮ್ಮನ್ನ ಕೇಳೋಣ."

"ಕೇಳು."

"ಅಮ್ಮಾ?"

ಸೊಸೆ ಬೇಳೆಗೆ ಅನ್ನ ಕಲಸುತ್ತಲೇ ಇದ್ದಳು. "ಸದ್ಯಕ್ಕೆ ಬೇಡ ಬಿಡೆ. ಯೂನಿಫಾರ್ಮ್ ಹೊಲಿಗೆ ಬೇರೆ ರಾಶಿ ಬಿದ್ದಿದೆ."

ತೊಳೆಯುವ ಕಟ್ಟೆಯ ಹತ್ತಿರ ಮಗಳು ಅವಳನ್ನು ಹಿಡಿದು ನಿಲ್ಲಿಸಿದಳು. "ಯೂನಿಫಾರ್ಮ್ ಅಂತೆ! ನಿಜ ಹೇಳು. ಅಜ್ಜಿಗೆ ಹೆದರಿದ್ಯಾ?"

"ಹೆದರಿಕೆ ಅಲ್ಲ ಕಣೆ. ಅವರು ಕೊಟ್ಟಿದ್ದು. ನಾನು ಹೋಗಿ ಹಾಳು ಮಾಡ್ಕೊಂಡು ಬಂದ್ರೆ, ದಿನಾ ಬೆಳಿಗ್ಗೆ ಅವರ ಮುಖ ಹೇಗೆ ನೋಡ್ಲಿ?"

"ಅಂದ್ರೆ ನೀನು ಏನಾದ್ರೂ ಪರವಾಗಿಲ್ಲ, ಕಿಡ್ನಿ ಚೆನ್ನಾಗಿರ್ಬೇಕು?"

"ತಟ್ಟೆ ಒರೆಸು" ಅಂದಳು ತಾಯಿ.

ಮೂರು ವಾರ ಕಳೆಯಿತು. ಎಣ್ಣೆಯಿಲ್ಲದ ಊಟಕ್ಕೆ ಗಂಡನೂ ಮಗಳೂ ಸೊರಗಿದರು. ಅವನು ಕೆಲಸದ ಜಾಗದಲ್ಲಿ ಕರಿದ ಮೀನು ತಿಂದು ಮನೆಗೆ ಬರುವ ಮುಂಚೆ ಏಲಕ್ಕಿ ಅಗಿಯುತ್ತಿದ್ದ. ಅತ್ತೆ ಮೂಸಿ ನೋಡಿ, ಮರುದಿನ ಅವನ ಬೇಳೆಗೆ ಇನ್ನೊಂದು ಲೋಟ ನೀರು ಸುರಿಯುತ್ತಿದ್ದರು.

ಸೊಸೆಯ ಊಟ ಮಾತ್ರ ದಿನದಿಂದ ದಿನಕ್ಕೆ ಇಳಿಯಿತು. ಅಂಗಡಿಗೆ ಕಟ್ಟಿಕೊಟ್ಟ ಡಬ್ಬಿ ಅರ್ಧ ತುಂಬಿಕೊಂಡೇ ವಾಪಸು ಬರತೊಡಗಿತು.

"ನನ್ನ ಅಡುಗೆ ಬಾಯಿಗೆ ಹಿಡಿಸ್ತಿಲ್ಲ ಅಂದ್ರೆ ನೇರವಾಗಿ ಹೇಳು" ಅಂದರು ಅತ್ತೆ, ಡಬ್ಬಿಯ ಮುಚ್ಚಳ ತೆಗೆದು ಹಿಡಿದು.

"ಹಾಗಲ್ಲ ಅತ್ತೆ. ಹಸಿವಿಲ್ಲ."

"ಹೊಟ್ಟೇಲಿ ಏನಾದ್ರೂ?"

"ಸ್ವಲ್ಪ ಭಾರ. ಗ್ಯಾಸ್ ಇರ್ಬೇಕು."

ಥರ್ಮಾಮೀಟರ್ ಬಂತು. ತೊಂಬತ್ತೆಂಟಕ್ಕೆ ಎರಡು ಗೆರೆ ಮೇಲೆ. "ಗ್ಯಾಸೇ" ಎಂದು ಅತ್ತೆ ನಿರಾಳವಾಗಿ ಬಿಸಿನೀರು ಕಾಯಿಸಿಕೊಟ್ಟರು. ಸೊಸೆಗೂ ನಿರಾಳವಾಯಿತು. ಜ್ವರವಿಲ್ಲದ ಮೈಗೆ ಕಾಯಿಲೆ ಇರಲಾರದು ಎಂದು ಆರು ವರ್ಷದಲ್ಲಿ ಅವಳೂ ನಂಬಿಬಿಟ್ಟಿದ್ದಳು. ಮಗಳು ಮಾತ್ರ, "ಸುಮ್ನೆ ಒಂದ್ಸಲ ಹೋಗಿ ತೋರಿಸಿಕೊಂಡು ಬರೋಣ" ಎಂದು ಎರಡು ದಿನ ಗೊಣಗಿದಳು. ಅಜ್ಜಿ ಕ್ಯಾಲೆಂಡರ್ ತೋರಿಸಿ ಬಾಯಿ ಮುಚ್ಚಿಸಿದರು.

ಆ ವಾರ ಗಂಡನಿಗೆ ರಾತ್ರಿ ಪಾಳಿ ಇತ್ತು. ಗುರುವಾರ ಅವನು ಕೆಲಸದಿಂದ ಬಂದು ಮಲಗುವ ಮುಂಚೆ ಅತ್ತೆ ಎಂದಿನಂತೆ ಮಗ ಸೊಸೆಯ ಹಾಸಿಗೆಯ ಹಾಸು ಎಳೆದುಕೊಂಡು ಬೇರೆ ಹಾಸು ಹಾಕಿದರು. ಎಳೆದದ್ದನ್ನು ಒಗೆಯಲು ಹಾಕುವ ಮುಂಚೆ ಕೊಡವಿ ಬೆಳಕಿಗೆ ಹಿಡಿಯುವುದು ಲಾಂಡ್ರಿಯ ಕಾಲದ ಅಭ್ಯಾಸ. ಕಲೆ ಇದ್ದರೆ ಅಲ್ಲೇ ಗೊತ್ತಾಗಬೇಕು.

ಕಲೆ ಇರಲಿಲ್ಲ. ಬಲಗಡೆಯ ಅಂಚಿನಲ್ಲಿ, ಮಲಗಿದವರ ಕೈ ಬೀಳುವ ಜಾಗದಲ್ಲಿ, ಬಟ್ಟೆ ಹಿಂಡಿ ತಿರುಚಿಕೊಂಡಿತ್ತು. ಅತ್ತೆ ಅಂಗೈಯಿಂದ ಉಜ್ಜಿದರು. ಹೋಗಲಿಲ್ಲ. ಇನ್ನೂ ಒದ್ದೆಯಿದ್ದ ಬಟ್ಟೆಯಿಂದ ಬೆವರಿನ ಹುಳಿವಾಸನೆ ಬಂತು.

ಅತ್ತೆ ಹಾಸನ್ನು ಹಿಡಿದುಕೊಂಡೇ ನಿಂತರು. ಲಾಂಡ್ರಿಯಲ್ಲಿ ಯಾರೂ ಅವರಿಗೆ ಕಾಯಿಲೆಯ ಹೆಸರು ಹೇಳುತ್ತಿರಲಿಲ್ಲ. ಆದರೆ ಯಾವ ಹಾಸು ಯಾವ ವಾರ್ಡಿನದು ಎಂದು ಚೀಟಿ ನೋಡದೆ ಹೇಳುತ್ತಿದ್ದರು. ಉರುಳಾಡಿದವರ ಹಾಸಿನಲ್ಲಿ ಸುಕ್ಕು ಎಲ್ಲ ಕಡೆ ಇರುತ್ತಿತ್ತು. ಯಾರಿಗೂ ಗೊತ್ತಾಗಬಾರದೆಂದು ಹಲ್ಲು ಕಚ್ಚಿ ಮಲಗಿದವರ ಹಾಸಿನಲ್ಲಿ ಒಂದೇ ಕಡೆ, ಮುಷ್ಟಿ ಹಿಡಿದ ಕಡೆ. ಎಷ್ಟು ಬಿಸಿ ಇಸ್ತ್ರಿಗೂ ಅದು ಬೇಗ ಬಿಡುತ್ತಿರಲಿಲ್ಲ.

"ಏಳೋ!" ಎಂದು ಮಗನನ್ನು ಆಗತಾನೇ ಹತ್ತಿದ ನಿದ್ದೆಯಿಂದ ಎಬ್ಬಿಸಿದರು. "ಗಾಡಿ ತಗೊಂಡು ಅಂಗಡಿ ಹತ್ರ ಬಾ." ಅವನು ಕಣ್ಣುಜ್ಜಿಕೊಂಡು ಅಂಗಿ ಹಾಕುವಷ್ಟರಲ್ಲಿ, ಅತ್ತೆ ಮನೆಯ ಚಪ್ಪಲಿಯಲ್ಲೇ ಎರಡು ಬೀದಿ ದಾಟಿದ್ದರು.

ಸೊಸೆ ಕತ್ತರಿಸುವ ಮೇಜಿಗೆ ಒರಗಿ, ಮೇಜಿನ ಅಂಚನ್ನು ಪಕ್ಕೆಲುಬಿನ ಕೆಳಗೆ ಒತ್ತಿಕೊಂಡು ನಿಂತಿದ್ದಳು. ಮೇಜಿನ ಮೇಲೆ ನೀಲಿ ಬಟ್ಟೆ ಕತ್ತರಿಸಿ ಬಿದ್ದಿತ್ತು. ಒಂದೇ ಅಂಗಿಗೆ ಎರಡೂ ಎಡಗೈ ತೋಳು.

"ಎಷ್ಟು ದಿನದಿಂದ?" ಅಂದರು ಅತ್ತೆ.

"ಏನು ಅತ್ತೆ?"

"ನಾಟಕ ಬೇಡ. ನಿನ್ನ ಹಾಸು ನೋಡ್ದೆ."

ಸೊಸೆ ತೋಳುಗಳನ್ನು ನೋಡಿದಳು, ಅತ್ತೆಯ ಚಪ್ಪಲಿ ನೋಡಿದಳು. "ನಾಲ್ಕು ದಿನ. ಆದ್ರೆ ಜ್ವರ ಇಲ್ವಲ್ಲ ಅತ್ತೆ. ನೀವೇ ನೋಡಿದ್ರಲ್ಲ."

"ಜ್ವರ ಹಾಳಾಗಿ ಹೋಗ್ಲಿ! ಬಾಗಿಲು ಹಾಕು."

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು. ಹಿಂದೆ ನೋಡಿದ್ದ ಅದೇ ಡಾಕ್ಟರು ಬಂದು ಹೊಟ್ಟೆ ಮುಟ್ಟಿ ನೋಡಿ, ಗಂಡನನ್ನೂ ಅತ್ತೆಯನ್ನೂ ಆಚೆ ಕರೆದರು. ಕಾಲೇಜಿನಿಂದ ಓಡಿಬಂದ ಮಗಳೂ ನಡುವೆ ತೂರಿಕೊಂಡಳು.

"ಪಿತ್ತಕೋಶದಲ್ಲಿ ಕೀವು ತುಂಬಿದೆ. ಬೇರೆಯವರಾಗಿದ್ರೆ ಮೂರು ದಿನ ಮುಂಚೇನೇ ಜ್ವರ ಬಂದು ಕಿರುಚಿಕೊಂಡು ಬರ್ತಿದ್ರು. ಇವರ ಮೈ ಏನನ್ನೂ ಹೊರಗೆ ಹಾಕಿಲ್ಲ. ಕ್ರಿಯಾಟಿನಿನ್ ಯಾವಾಗ್ಲೂ ಎಷ್ಟಿರುತ್ತೆ?"

"ಒಂದು ಪಾಯಿಂಟ್ ಎರಡು" ಅಂದರು ಅತ್ತೆ, ಯಾರೂ ಬಾಯಿ ತೆರೆಯುವ ಮುಂಚೆ. ಕಿಡ್ನಿ ಹೇಗಿದೆಯೆಂದು ರಕ್ತದಲ್ಲಿ ಹೇಳುವ ಆ ಸಂಖ್ಯೆ ಅವರಿಗೆ ಸ್ವಂತ ವಯಸ್ಸಿಗಿಂತ ಚೆನ್ನಾಗಿ ಗೊತ್ತಿತ್ತು.

"ಈಗ ಎರಡು ಪಾಯಿಂಟ್ ಎಂಟು. ಕಿಡ್ನಿ ಆಗ್ಲೇ ಬಳಲಿದೆ. ಆಪರೇಷನ್ ಇವತ್ತೇ ಆಗ್ಬೇಕು. ಮಾಡಿದ್ರೆ ಕಿಡ್ನಿ ಇನ್ನೂ ಕೆಡಬಹುದು, ಹೋಗಲೂಬಹುದು. ಮಾಡದಿದ್ರೆ ಅವರೇ ಉಳಿಯೋಲ್ಲ."

ಒಪ್ಪಿಗೆಯ ಕಾಗದ ಹಿಡಿದು ಗಂಡ ಒಳಗೆ ಹೋದ. ಎರಡು ನಿಮಿಷಕ್ಕೆ ವಾಪಸು ಬಂದ.

"ಸೈನ್ ಹಾಕ್ತಿಲ್ಲ ಅಮ್ಮ. ನಿನ್ನ ಕೇಳ್ಬೇಕಂತೆ."

ಮೊಮ್ಮಗಳು ಅಜ್ಜಿಯ ಮುಂದೆ ಅಡ್ಡ ನಿಂತಳು. ಅವಳ ಕಣ್ಣು ಕೆಂಪಾಗಿತ್ತು. "ಅಜ್ಜಿ, ನೀನೇನಾದ್ರೂ ಈಗ ಬೇಡ ಅಂದ್ರೆ..."

"ದಾರಿ ಬಿಡು."

ಸೊಸೆ ಗಾಲಿಮಂಚದ ಮೇಲೆ ಮಲಗಿದ್ದಳು. ಅವಳ ಬಲಗೈ ಹೊಟ್ಟೆಯ ಕೆಳಭಾಗದಲ್ಲಿ, ಕಿಡ್ನಿ ಇರುವ ಜಾಗದ ಮೇಲಿತ್ತು. ಮಗುವಿಗೆ ಅಡ್ಡ ಹಿಡಿದ ಹಾಗೆ ಹಿಡಿದಿದ್ದಳು.

"ಅತ್ತೆ, ನಿಮ್ದು ಹೋಗಿಬಿಟ್ರೆ?"

ಅತ್ತೆಗೆ ಹೇಳಬೇಕಾದ್ದು ಬೇಕಾದಷ್ಟಿತ್ತು. ಡಾಕ್ಟರು ಹೇಳಿದ ದಿನ ತಾವು ಚೀಲ ಹೆಗಲಿಗೇರಿಸಿದ್ದು, ಕ್ಯಾಲೆಂಡರ್ ತೋರಿಸಿ ಹುಡುಗಿಯ ಬಾಯಿ ಮುಚ್ಚಿಸಿದ್ದು, ಎಲ್ಲ ನೆನಪಾಯಿತು.

"ಸೈನ್ ಹಾಕು" ಅಂದರು. ಪೆನ್ನಿನ ಮುಚ್ಚಳ ತೆಗೆದು ಅವಳ ಬೆರಳುಗಳ ಮಧ್ಯೆ ಇಟ್ಟರು. ಕಾಗದ ಜಾರದಂತೆ ತಾವೇ ಒತ್ತಿ ಹಿಡಿದರು.

ಆಪರೇಷನ್ ಮೂರು ಗಂಟೆ ನಡೆಯಿತು. ರಾತ್ರಿ ಎಂಟಕ್ಕೆ ಅತ್ತೆಯ ಕೈಚೀಲದಲ್ಲಿ ಅಲಾರಂ ಹೊಡೆದುಕೊಂಡಿತು. ಆರು ವರ್ಷದಲ್ಲಿ ಒಂದು ದಿನವೂ ತಪ್ಪದ ಮಾತ್ರೆಯ ಹೊತ್ತು. ಅತ್ತೆ ಎದ್ದು ನರ್ಸಿನ ಮೇಜಿಗೆ ಹೋದರು.

"ಅವರಿಗೆ ಬಾಯಿಗೆ ಏನೂ ಕೊಡೋ ಹಾಗಿಲ್ಲಮ್ಮ" ಅಂದಳು ನರ್ಸ್.

"ಗೊತ್ತು. ಊಟ ಕೊಡಿ ಅಂತ ಬಂದಿಲ್ಲ. ಆ ಮಾತ್ರೆ ತಪ್ಪಿದ್ರೆ ಮೈ ಕಿಡ್ನೀನ ಹೊರಗೆ ತಳ್ಳುತ್ತೆ. ಬೇರೆ ದಾರೀಲಿ ಕೊಡೋಕಾಗುತ್ತಾ ಅಂತ ಕಿಡ್ನಿ ಡಾಕ್ಟ್ರನ್ನ ಕೇಳಿ. ನೀವು ಕೇಳೋವರೆಗೂ ನಾನು ಇಲ್ಲೇ ನಿಂತಿರ್ತೀನಿ."

ನರ್ಸ್ ಫೋನ್ ಮಾಡಿದಳು. ಮಾತಾಡುತ್ತಾ ಮಾತಾಡುತ್ತಾ ಅವಳ ಬೆನ್ನು ನೆಟ್ಟಗಾಯಿತು. "ಒಳ್ಳೇದಾಯ್ತು ನೆನಪಿಸಿದ್ದು" ಅಂದಳು. "ವ್ಯವಸ್ಥೆ ಮಾಡ್ತಿದ್ದಾರೆ." ಮೊಮ್ಮಗಳು ಅಜ್ಜಿಯನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿ, ಅವರ ಭುಜಕ್ಕೆ ತಲೆಯಿಟ್ಟಳು. ಇಬ್ಬರೂ ಒಂದೇ ಬ್ರೆಡ್ಡಿನ ಪೊಟ್ಟಣ ಹಂಚಿಕೊಂಡು ತಿಂದರು.

ಮೂರನೆಯ ದಿನ ಬೆಳಿಗ್ಗೆ ಕ್ರಿಯಾಟಿನಿನ್ ಮೂರು ಪಾಯಿಂಟ್ ಒಂದಕ್ಕೆ ಬಂತು. ಮೂತ್ರ ಬರುತ್ತಿತ್ತು, ಆದರೆ ಕಡಿಮೆ. ಕಿಡ್ನಿ ಡಾಕ್ಟರು ರೋಗಿಗೂ ಮನೆಯವರಿಗೂ ಮುಚ್ಚುಮರೆಯಿಲ್ಲದೆ ಹೇಳಿದರು. "ಚೇತರಿಸಿಕೊಳ್ಳಬಹುದು. ಸ್ವಲ್ಪ ದಿನ ಡಯಾಲಿಸಿಸ್ ಬೇಕಾಗಲೂಬಹುದು. ಕಾಯೋದು ಬಿಟ್ಟು ಬೇರೆ ದಾರಿಯಿಲ್ಲ." ಗಾಯದ ಒಂದು ಮೂಲೆ ಕೂಡಿರಲಿಲ್ಲ. ಅದೂ ನಿಧಾನವಂತೆ.

ಒಬ್ಬೊಬ್ಬರಾಗಿ ಒಳಗೆ ಹೋಗಲು ಬಿಟ್ಟರು. ಅತ್ತೆ ಕೈ ತೊಳೆದು, ಮಾಸ್ಕ್ ಕಟ್ಟಿಕೊಂಡು, ಚೀಲ ಎತ್ತಿಕೊಂಡರು. ಚೀಲದಲ್ಲಿ ಅಡುಗೆಮನೆಯ ಕ್ಯಾಲೆಂಡರ್ ಸುರುಳಿ ಸುತ್ತಿಕೊಂಡು ಕೂತಿತ್ತು. "ಅದ್ಯಾಕಮ್ಮ ಇಲ್ಲಿಗೆ?" ಎಂದು ಮಗ ಕೇಳಿದ್ದಕ್ಕೆ, "ಇರ್ಲಿ" ಅಂದಿದ್ದರು. ಗುರುವಾರದಿಂದ ಈಚಿನ ಚೌಕಗಳು ಖಾಲಿ ಇದ್ದವು.

ಸೊಸೆ ಕಣ್ಣು ಮುಚ್ಚಿ ಮಲಗಿದ್ದಳು. ಅತ್ತೆ ಮೊದಲು ನೋಡಿದ್ದು ಹಾಸನ್ನು. ಬಲಗಡೆಯ ಅಂಚು ಅವಳ ಮುಷ್ಟಿಯೊಳಗೆ ತಿರುಚಿಕೊಂಡಿತ್ತು.

ಚಪ್ಪಲಿಯ ಸದ್ದಿಗೆ ಅವಳು ಕಣ್ಣು ತೆರೆದಳು. ಅತ್ತೆ ಬಾಯಿ ಬಿಡುವ ಮುಂಚೆಯೇ, "ಚೆನ್ನಾಗಿದೆ ಅತ್ತೆ" ಅಂದಳು, "ಕೆಲಸ ಮಾಡ್ತಿದೆ."

ಬೆಳಗಿನ ಸಂಖ್ಯೆ ಎಷ್ಟೆಂದು ಇಬ್ಬರಿಗೂ ಗೊತ್ತಿತ್ತು.

"ನಾನು ಅದನ್ನ ಕೇಳಲಿಲ್ಲ" ಅಂದರು ಅತ್ತೆ. ಮಂಚದ ಪಕ್ಕ ಕೂತು, ಅವಳ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ, ಹಾಸಿನ ಅಂಚು ತೆಗೆದು, ಅಲ್ಲಿ ತಮ್ಮ ಕೈಯಿಟ್ಟರು. "ನಿಂಗೆ ನೋವಿದ್ಯಾ?"

ಸೊಸೆ ಅತ್ತೆಯ ಮುಖವನ್ನೇ ನೋಡಿದಳು. ಬಿಳಿಚಿಕೊಳ್ಳುವುದೋ ಎಂದು ಸ್ವಲ್ಪ ಹೊತ್ತು ಕಾದಳು. ಬಿಳಿಚಿಕೊಳ್ಳಲಿಲ್ಲ.

"ತುಂಬಾ ಇದೆ ಅತ್ತೆ" ಅಂದಳು. ಅಂದವಳೇ ಅಳತೊಡಗಿದಳು. ಅತ್ತರೆ ಗಾಯ ಎಳೆಯುತ್ತಿತ್ತು, ಎಳೆದರೆ ಇನ್ನಷ್ಟು ಅಳು ಬರುತ್ತಿತ್ತು.

ಅತ್ತೆ ಕೈ ಬಿಡದೆ ಬಾಗಿಲ ಕಡೆ ತಿರುಗಿದರು. ಮೂವತ್ತು ವರ್ಷ ಲಾಂಡ್ರಿಯ ಯಂತ್ರಗಳ ಸದ್ದಿನ ಮೇಲೆ ಕೂಗಿ ಪಳಗಿದ ದನಿ ಅದು. "ಸಿಸ್ಟರ್! ಬನ್ನಿ ಇಲ್ಲಿ. ನಮ್ಮ ಹುಡುಗಿಗೆ ನೋವಂತೆ. ಅವಳಿಗೆ ಆಗೋವಂಥ ನೋವಿನ ಔಷಧಿ ಯಾವುದಿದ್ಯೋ ಕೊಡಿ. ಈಗ್ಲೇ ಕೊಡಿ!"

ನರ್ಸ್ ಬಂದಳು. "ಎಷ್ಟಿದೆ ನೋವು? ಹತ್ತಕ್ಕೆ ಎಷ್ಟು ಅಂತ ಹೇಳಿ."

ಸೊಸೆ ಅತ್ತೆಯ ಕಡೆ ನೋಡಿದಳು.

"ನನ್ನನ್ನೇನು ನೋಡ್ತೀಯ? ಇದ್ದಷ್ಟು ಹೇಳು."

"ಒಂಬತ್ತು."

ನರ್ಸ್ ಸೂಜಿ ತರಲು ಹೋದಳು. ಅತ್ತೆ ಒಂದೇ ಕೈಯಲ್ಲಿ ಚೀಲ ತಡಕಾಡಿ ಪೆನ್ಸಿಲ್ಲು ತೆಗೆದರು. ಸುರುಳಿ ಬಿಚ್ಚಿದ ಕ್ಯಾಲೆಂಡರನ್ನು ಮೊಣಕಾಲ ಮೇಲೆ ಹರಡಿ, ಆ ದಿನದ ಖಾಲಿ ಚೌಕದೊಳಗೆ ಒಂಬತ್ತು ಎಂದು ಬರೆದುಕೊಂಡರು.